ಎಡಗಡೆ ನಿಂತ ಘಟಸರ್ಪಿಣಿ

ಒಂದು ಕಾಗದವನ್ನು ಮಗುಚಿ ಇಡಬೇಕಾದ ಕಡೆ ಮಗುಚದೆ ಇಟ್ಟರೆ ಮನುಷ್ಯನ ಬಾಳೇ ಬುಡಮೇಲಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ರಾಮಚಂದ್ರಪ್ಪ ನಕ್ಕುಬಿಡುತ್ತಿದ್ದ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಅವನು ಟ್ರೇಸರ್. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿದ ನಕ್ಷೆಯ ಮೇಲೆ ತೆಳುವಾದ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನು ಶಾಯಿಯಲ್ಲಿ ತೀಡುವುದು ಅವನ ಕೆಲಸ. ಎಡ ಯಾವುದು, ಬಲ ಯಾವುದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನಿಗೊಂದು ಗುಟ್ಟು ಇತ್ತು. ತಿಂಗಳಿಗೊಮ್ಮೆ ಹೊರಬರುತ್ತಿದ್ದ ‘ವಜ್ರಬಾಹು’ ಎಂಬ ಚಿತ್ರಕತೆಯ ಪುಸ್ತಕವನ್ನು ‘ರೇಖಾಚಾರ್ಯ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವನು ಅವನೇ. ಆಫೀಸಿನಲ್ಲಿ ತಿಳಿದರೆ ಕೆಲಸ ಹೋಗುತ್ತದೆ, ಕ್ವಾರ್ಟರ್ಸಿನಲ್ಲಿ ತಿಳಿದರೆ ಮಾನ ಹೋಗುತ್ತದೆ ಎಂದು ಬಾಯಿ ಬಿಗಿಹಿಡಿದಿದ್ದ.

ವಜ್ರಬಾಹು ಎಂದರೆ ಸಾಮಾನ್ಯನಲ್ಲ. ಹಗಲಲ್ಲಿ ಬಡಪಾಯಿ ಕೂಲಿ; ಕರಗಿದ ಕಬ್ಬಿಣದ ಕೊಪ್ಪರಿಗೆಗೆ ಬಿದ್ದೂ ಸುಡದೆ ಗಟ್ಟಿಯಾಗಿ ಎದ್ದು ಬಂದವನು. ರೈಲು ಕಂಬಿಯನ್ನು ಬಾಳೆದಿಂಡಿನಂತೆ ಬಗ್ಗಿಸುತ್ತಾನೆ, ಒಂದು ಚಿಮಣಿಯಿಂದ ಇನ್ನೊಂದು ಚಿಮಣಿಗೆ ಹಾರುತ್ತಾನೆ. ಅವನ ಶತ್ರು ಘಟಸರ್ಪಿಣಿ, ಘಟ್ಟದಲ್ಲಿ ಗೂಡ್ಸ್ ರೈಲು ದೋಚುವ ಗುಂಪಿನ ನಾಯಕಿ. ಪ್ರತಿ ತಿಂಗಳೂ ವಜ್ರಬಾಹು ಅವಳನ್ನು ಹಿಡಿಯುತ್ತಾನೆ. ಪ್ರತಿ ತಿಂಗಳೂ ಅವಳು ಒಮ್ಮೆ ಕಣ್ಣೆತ್ತಿ ನೋಡುತ್ತಾಳೆ. ಇವನ ಕಬ್ಬಿಣದ ಕೈ ಸಡಿಲವಾಗುತ್ತದೆ. ಓದುವವರಲ್ಲಿ ಎರಡು ಪಂಗಡವಾಗಿತ್ತು. ಅವಳನ್ನು ಕಟ್ಟಿಕೊಳ್ಳಲಿ ಎನ್ನುವವರು ಒಂದು, ಕಟ್ಟಿ ಜೈಲಿಗೆ ಹಾಕಲಿ ಎನ್ನುವವರು ಇನ್ನೊಂದು.

ಪುಸ್ತಕ ಅಚ್ಚಾಗುತ್ತಿದ್ದದ್ದು ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ರಂಗಪ್ಪನವರ ಕಲ್ಲಚ್ಚಿನಲ್ಲಿ. ರಾಮಚಂದ್ರಪ್ಪ ತೆಳುಕಾಗದದಲ್ಲಿ ಚಿತ್ರ ಬರೆದು ಕಳಿಸಬೇಕು. ಅಲ್ಲಿ ಅದನ್ನು ಕಲ್ಲಿನ ಮೇಲೆ ಮಗುಚಿ ಇಟ್ಟು ತೀಡಿಕೊಳ್ಳಬೇಕು. ಕಲ್ಲಿನ ಮೇಲೆ ತಿರುಗುಮುರುಗಾಗಿ ಇದ್ದದ್ದು ಅಚ್ಚಿನಲ್ಲಿ ಸರಿಯಾಗಿ ಬೀಳುತ್ತದೆ. ಮಾತುಗಳನ್ನು ಆಮೇಲೆ ಕಲ್ಲಿನ ಮೇಲೇ ತಿರುಗು ಅಕ್ಷರದಲ್ಲಿ ಬರೆಯುತ್ತಾರೆ. ರಂಗಪ್ಪನವರ ಕಣ್ಣಿಗೆ ಪೊರೆ ಬಂದ ಮೇಲೆ, “ಒಂದು ಒಳ್ಳೇ ಕೈ ಸಿಕ್ಕಿದೆ ಮಾರಾಯ, ಯೋಚನೆ ಮಾಡಬೇಡ” ಎಂದಿದ್ದರು. ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಬರುತ್ತಿದ್ದವು. ರಾಮಚಂದ್ರಪ್ಪನಿಗೆ ಅಷ್ಟು ಸಾಕಾಗಿತ್ತು.

ಅದೇ ರಂಗಪ್ಪನವರು ಅವನಿಗೊಂದು ಸಂಬಂಧವನ್ನೂ ತಂದಿದ್ದರು. ಅವರ ತಂಗಿಯ ಮಗಳು ವೇದಾವತಿ. ತಂದೆ ಕೃಷ್ಣಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತರು, ಬಹಳ ಶಿಸ್ತಿನ ಮನುಷ್ಯ. ಅವರ ಮನೆಯ ಮುಂದಿನ ಕೋಣೆಯಲ್ಲೇ ರಂಗಪ್ಪನವರ ಅಚ್ಚುಕೂಟ. ಹೆಣ್ಣು ನೋಡಲು ಹೋದ ದಿನ ವೇದಾವತಿ ಉಪ್ಪಿಟ್ಟಿನ ತಟ್ಟೆ ಇಟ್ಟು, ಒಂದೇ ಒಂದು ಸಲ ತಲೆಯೆತ್ತಿ ನೋಡಿ, ತುಟಿಯಂಚಿನಲ್ಲಿ ನಕ್ಕು ಒಳಗೆ ಹೋಗಿದ್ದಳು. ಅಂದಿನಿಂದ ರಾಮಚಂದ್ರಪ್ಪನಿಗೆ ಊಟ ಸೇರುತ್ತಿರಲಿಲ್ಲ. ಅವಳು ಬೇಕು, ಅವಳೇ ಬೇಕು ಎಂದು ಮನಸ್ಸು ಹಟ ಹಿಡಿದಿತ್ತು. “ಆದ್ರೆ ಭಾವ ಈ ಚಿತ್ರದ ಪುಸ್ತಕ ಕಂಡ್ರೆ ಉರಿದು ಬೀಳ್ತಾನೆ. ಹೆಣ್ಣುಮಕ್ಕಳು ಕೆಡ್ತಾರೆ ಅಂತಾನೆ. ಬಾಡಿಗೆ ಬರುತ್ತೆ ಅಂತ ಅಚ್ಚುಕೂಟಾನ ಸಹಿಸ್ಕೊಂಡಿದ್ದಾನೆ ಅಷ್ಟೇ. ಬರೆಯೋನು ನೀನು ಅಂತ ಉಸಿರು ಬಿಡಬೇಡ” ಎಂದು ರಂಗಪ್ಪನವರು ಎಚ್ಚರಿಸಿದ್ದರು.

ನಿಶ್ಚಯ ತಾಂಬೂಲ ಇಟ್ಟುಕೊಂಡಿದ್ದದ್ದು ಭಾನುವಾರ. ಹೊಸ ಸಂಚಿಕೆ ಅಂಗಡಿಗೆ ಬಂದದ್ದೂ ಅದೇ ಭಾನುವಾರ.

ಅಂದು ಬೆಳಿಗ್ಗೆ ರಾಮಚಂದ್ರಪ್ಪ ಕನ್ನಡಿಯ ಮುಂದೆ ರುಮಾಲು ಸುತ್ತಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಪುಟ್ಟಯ್ಯ ಬಾಗಿಲು ದೂಡಿಕೊಂಡೇ ಬಂದ. ಪುಟ್ಟಯ್ಯ ಕುಲುಮೆಯ ಕೆಲಸದವನು. ತಂದೆತಾಯಿ ಇಲ್ಲದ ರಾಮಚಂದ್ರಪ್ಪನಿಗೆ ಅವನೂ ಅವನ ಹೆಂಡತಿ ಮಾಸ್ತಮ್ಮನೂ ಇವತ್ತು ಹಿರಿಯರಾಗಿ ಬರುವವರಿದ್ದರು.

“ಮೋಸ ಆಗೋಯ್ತು ರಾಮಚಂದ್ರ! ಮಾನ ಹೋಯ್ತು!”

ಹೆಣ್ಣಿನ ಕಡೆಯಿಂದ ಏನೋ ಕೆಟ್ಟ ಸುದ್ದಿ ಬಂದಿದೆಯೆಂದು ರಾಮಚಂದ್ರಪ್ಪ ರುಮಾಲು ಸುತ್ತುವುದನ್ನು ನಿಲ್ಲಿಸಿದ. “ಏನಾಯ್ತಣ್ಣ?”

“ವಜ್ರಬಾಹು ಅವಳನ್ನ ಕಟ್ಕೊಂಡ್ಬಿಟ್ಟ! ಆ ರಂಡೆ ಘಟಸರ್ಪಿಣೀನ! ಯಾರಿಗೂ ಹೇಳ್ದೆ ಕೇಳ್ದೆ!”

“ಇಲ್ವಲ್ಲ…” ಎಂದು ಬಾಯಿತಪ್ಪಿ ಬಂದದ್ದನ್ನು ರಾಮಚಂದ್ರಪ್ಪ ನುಂಗಿಕೊಂಡ. “ಅಂದ್ರೆ, ಹಾಗೆ ಯಾಕೆ ಅಂತೀರಿ?”

ಓಲ್ಡ್ ಟೌನಿನ ಅಂಗಡಿಯಿಂದ ಆಗಷ್ಟೇ ತಂದ ಪುಸ್ತಕದ ಕೊನೆಯ ಪುಟವನ್ನು ಪುಟ್ಟಯ್ಯ ಅವನ ಮೂಗಿಗೆ ಹಿಡಿದ. ರಾಮಚಂದ್ರಪ್ಪ ನೋಡಿದ, ಅವನ ಕೈಯಿಂದ ರುಮಾಲು ಜಾರಿತು. ತುಂಗಾ ಸೇತುವೆಯ ಮೇಲೆ ವಜ್ರಬಾಹು ಎದೆ ಸೆಟೆದು ನಿಂತಿದ್ದಾನೆ. ಕೈಗೆ ಸರಪಳಿ ಬಿಗಿಸಿಕೊಂಡ ಘಟಸರ್ಪಿಣಿ, “ಜೈಲೋ, ಜೊತೆಯೋ?” ಎಂದು ಕೇಳುತ್ತಿದ್ದಾಳೆ. ಎಲ್ಲವೂ ಅವನು ಬರೆದದ್ದೇ. ಆದರೆ ಅವನು ಅವಳನ್ನು ನಿಲ್ಲಿಸಿದ್ದು ವಜ್ರಬಾಹುವಿನ ಬಲಕ್ಕೆ. ಇಲ್ಲಿ ಅವಳು ಎಡಕ್ಕೆ ನಿಂತಿದ್ದಳು. ಯಾರೋ ಕಾಗದವನ್ನು ಮಗುಚದೆ ಕಲ್ಲಿನ ಮೇಲೆ ಇಟ್ಟು ತೀಡಿದ್ದರು.

ಅಷ್ಟರಲ್ಲಿ ಹಿಂದೆಯೇ ಬಂದ ಮಾಸ್ತಮ್ಮ ತೀರ್ಪು ಕೊಟ್ಟಳು. “ಗಂಡಿನ ಎಡಗಡೆ ಹೆಂಡ್ತಿ ಅಲ್ದೆ ಇನ್ಯಾರು ನಿಲ್ತಾರೆ? ಎದುರು ಮನೆ ಪ್ರೇಮಮ್ಮನೂ ಅದನ್ನೇ ಅಂದ್ಲು. ಮದುವೆ ಆಗಿಹೋಗಿದೆ, ನಮಗೆ ತೋರಿಸಿಲ್ಲ ಅಷ್ಟೇ.”

“ಕೈಗೆ ಸರಪಳಿ ಇದೆಯಲ್ಲಕ್ಕ.”

“ತಾಳಿ ಬಿದ್ದ ಮೇಲೆ ಸರಪಳಿ ಅಲ್ದೆ ಇನ್ನೇನಪ್ಪ?” ಎಂದು ಮಾಸ್ತಮ್ಮ ಗಂಡನ ಕಡೆ ನೋಡಿದಳು.

ಪುಟ್ಟಯ್ಯನಿಗೆ ಅದು ಕೇಳಿಸಲಿಲ್ಲ. ಅವನು ಚಿತ್ರವನ್ನು ನೋಡಿದ, ರಾಮಚಂದ್ರಪ್ಪನ ಮುಖ ನೋಡಿದ, ಮತ್ತೆ ಚಿತ್ರ ನೋಡಿದ. “ಈ ವಜ್ರಬಾಹು ಥೇಟ್ ನಿನ್ನ ಹಾಗಿದ್ದಾನೆ ಅಂತ ನಾನು ಆಗ್ಲೇ ಅಂದಿದ್ದೆ. ಅವನ ಮಚ್ಚೆ ಎಡಗೆನ್ನೆ ಮೇಲೆ, ನಿನ್ನದು ಬಲಗೆನ್ನೆ ಮೇಲೆ ಅಂತ ಸುಮ್ಮನಾದೆ. ಈ ಸಲ ನೋಡು ಮಾರಾಯ, ಮಚ್ಚೆ…”

ರಾಮಚಂದ್ರಪ್ಪನ ಅಂಗೈ ತಾನಾಗಿ ಬಲಗೆನ್ನೆಯನ್ನು ಮುಚ್ಚಿತು. ಮೊದಲ ಸಂಚಿಕೆಗೆ ನಾಯಕನ ಮುಖ ಹೊಳೆಯದೆ, ಕ್ಷೌರದ ಕನ್ನಡಿಯಲ್ಲಿ ಕಂಡ ತನ್ನ ಮುಖಕ್ಕೇ ಒಂದು ಮೀಸೆ ಅಂಟಿಸಿ ಬರೆದಿದ್ದ. ಕನ್ನಡಿಯಲ್ಲಿ ಕಂಡ ಹಾಗೆ ಬರೆದದ್ದರಿಂದ ಮಚ್ಚೆ ಎಡಕ್ಕೆ ಹೋಗಿತ್ತು. ಇಷ್ಟು ದಿನ ಅವನನ್ನು ಕಾಪಾಡಿದ್ದೇ ಆ ತಪ್ಪು. ಈಗ ಚಿತ್ರ ಇನ್ನೊಮ್ಮೆ ತಿರುಗಿ, ಕಡಲೆಬೇಳೆಯಷ್ಟು ದಪ್ಪದ ಮಚ್ಚೆ ಇರಬೇಕಾದ ಕಡೆಯೇ ಬಂದು ಕೂತಿತ್ತು.

“ಏನಾಯ್ತೋ?”

“ಹಲ್ಲುನೋವಣ್ಣ. ಇದ್ದಕ್ಕಿದ್ದ ಹಾಗೆ.”

ಸುಳ್ಳು ಹೇಳಿದ್ದಾಯಿತು, ಕೈ ಇಳಿಸುವಂತಿಲ್ಲ. ಕ್ವಾರ್ಟರ್ಸಿನಿಂದ ಸ್ಟೇಷನ್ನಿನವರೆಗೂ ಅವನು ಒಂದೇ ಕೈಯಲ್ಲಿ ಪಂಚೆ ಎತ್ತಿ ಹಿಡಿದು ನಡೆದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಯೋಚನೆ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಅಚ್ಚುಕೂಟ ಇರುವುದೇ ಆ ಮನೆಯಲ್ಲಿ. ಕೃಷ್ಣಪ್ಪನವರು ಆ ಪುಟ ನೋಡದೆ ಇರುತ್ತಾರೆಯೇ? ನೋಡಿದವರು ಅಳಿಯನಾಗುವವನ ಮುಖವನ್ನು ಗುರುತಿಸದೆ ಇರುತ್ತಾರೆಯೇ? ಗುರುತಿಸಿದವರು ಎಡಗಡೆ ನಿಂತವಳು ಯಾರೆಂದು ಕೇಳದೆ ಇರುತ್ತಾರೆಯೇ? ‘ಹುಡುಗನಿಗೆ ಬೇರೆಲ್ಲೂ ಗಂಟುನಂಟು ಇಲ್ಲ ತಾನೆ?’ ಎಂದು ಅವರು ಮೂರು ಮೂರು ಸಲ ವಿಚಾರಿಸಿದ್ದರು. ವೇದಾವತಿಯ ಆ ತುಟಿಯಂಚಿನ ನಗು ನೆನಪಾದಾಗ ಅವನಿಗೆ ನಿಜವಾಗಿಯೂ ಎಲ್ಲೋ ನೋಯತೊಡಗಿತು, ಹಲ್ಲಿನಲ್ಲಂತೂ ಅಲ್ಲ.

ರೈಲಿನಲ್ಲಿ ಜಾಗ ಸಿಕ್ಕಿದ್ದು ‘ವಜ್ರಬಾಹು’ ಓದುತ್ತಿದ್ದವರ ನಡುವೆಯೇ. ಎದುರಿಗೆ ಕುಂಸಿಯ ರೈತನೊಬ್ಬ ಪುಸ್ತಕವನ್ನು ಪಕ್ಕದವನಿಂದ ಓದಿಸಿಕೊಳ್ಳುತ್ತಿದ್ದ. ಕಾರ್ಖಾನೆಯ ತಮಿಳು ಮೇಸ್ತ್ರಿಯೊಬ್ಬ ಅದನ್ನು ಕಸಿದು ನೋಡಿ, “ಅಯ್ಯಯ್ಯೋ, ಕಲ್ಯಾಣಂ ಆಯಾಚ್ಚಾ? ಸೂಪರಾ ಇದೆ ಜೋಡಿ!” ಎಂದ.

“ಏನು ಸೂಪರು?” ರೈತ ರೇಗಿದ. “ನಮ್ಮ ಅಡಿಕೆ ಗೂಡ್ಸಲ್ಲಿ ಹೋಗುತ್ತೆ ಮಾರಾಯ. ಅದನ್ನ ದೋಚೋಳನ್ನ ಮನೆ ತುಂಬಿಸ್ಕೊಂಡ್ರೆ ನಮ್ಮ ಗತಿ?”

“ಆ ರೇಖಾಚಾರ್ಯ ಅನ್ನೋನು ನನ್ನ ಕೈಗೆ ಸಿಗ್ಲಿ” ಎಂದು ಪುಟ್ಟಯ್ಯ ತೋಳು ಮಡಿಸಿದ. “ಕರಗಿದ ಕಬ್ಬಿಣದಲ್ಲಿ ಅದ್ದಿ ತೆಗೀತೀನಿ. ಗಟ್ಟಿಯಾಗಿ ಎದ್ದು ಬರ್ತಾನೋ ಇಲ್ಲವೋ ನೋಡೋಣ.”

ರಾಮಚಂದ್ರಪ್ಪ ಮೂಲೆಗೆ ಸರಿದು ಇನ್ನೊಂದು ಕೈಯನ್ನೂ ಕೆನ್ನೆಗೆ ಒತ್ತಿಕೊಂಡ. ಹಲ್ಲುನೋವಿನವನೊಬ್ಬ ಎದುರಿಗೆ ಕೂತರೆ ರೈಲಿನಲ್ಲಿ ಎಲ್ಲರೂ ವೈದ್ಯರೇ. ರೈತ ಹೊಗೆಸೊಪ್ಪು ಕಚ್ಚಿಕೋ ಎಂದ. ಮೇಸ್ತ್ರಿ ಲವಂಗ ಕೊಟ್ಟ. ಬಾಯಿ ತೆರೆ, ಯಾವ ಹಲ್ಲು ತೋರಿಸು ಎಂದು ಇಬ್ಬರೂ ಅವನ ಕೈ ಕೀಳಲು ಬಂದರು. ಆ ಎಳೆದಾಟದಲ್ಲಿ ಎಲ್ಲಿ ಮಚ್ಚೆ ಕಂಡುಬಿಡುತ್ತದೋ ಎಂದು ಅವನು ಬೆವರಿ ತೊಪ್ಪೆಯಾದ.

“ಬಿಡ್ರಪ್ಪ, ಹುಡುಗನ್ನ ಸಾಯಿಸಬೇಡಿ. ಇದಕ್ಕೆ ಸುಣ್ಣ-ಬೆಲ್ಲದ ಪಟ್ಟೇ ಸರಿ” ಎಂದು ಮಾಸ್ತಮ್ಮ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದಳು. ಬೀಗರಿಗೆಂದು ತಂದಿದ್ದ ಬೆಲ್ಲದ ಅಚ್ಚಿನಿಂದ ಚೂರು ಮುರಿದು ಅಂಗೈಯಲ್ಲಿ ಕಲಸಿದಳು. “ಕಣ್ಣು ಮುಚ್ಕೊ ಮಗಾ, ಉರಿಯುತ್ತೆ.”

ಮಚ್ಚೆ ಮುಚ್ಚುವುದಾದರೆ ಬೆಂಕಿಯನ್ನೇ ಹಚ್ಚಿದರೂ ರಾಮಚಂದ್ರಪ್ಪ ಒಪ್ಪುತ್ತಿದ್ದ. ಮಿಂಚಿನಂತೆ ಕೈ ತೆಗೆದು, ಕಣ್ಣು ಮುಚ್ಚಿ, ಮುಖವೊಡ್ಡಿದ. ಮಾಸ್ತಮ್ಮ ಕೆನ್ನೆ ತುಂಬ ಮೆತ್ತಿದಳು. “ಮೇಲೆ ಅಂಟಿಸೋಕೆ ಒಂದು ಕಾಗದ ಕೊಡ್ರಿ.” ಪುಟ್ಟಯ್ಯ ಇನ್ನೂ ಕುದಿಯುತ್ತಲೇ ಇದ್ದ. ತನ್ನ ಪುಸ್ತಕದ ಕೊನೆಯ ಪುಟವನ್ನು ಪರ್ರೆಂದು ಹರಿದು, “ತಗೋ, ಈ ದರಿದ್ರ ಹೀಗಾದ್ರೂ ಉಪಯೋಗಕ್ಕೆ ಬರ್ಲಿ” ಎಂದ. ಮಾಸ್ತಮ್ಮ ಅದನ್ನು ಅಂಗೈಯಗಲ ಹರಿದು ಪಟ್ಟಿನ ಮೇಲೆ ತಟ್ಟಿದಳು. ಹಳ್ಳಿಯಲ್ಲಿ ಸಿಕ್ಕ ಕಾಗದ ಅಂಟಿಸುವುದು ವಾಡಿಕೆ. ಕಾಗದದ ಮೇಲೆ ಏನಿದೆ ಎಂದು ಯಾರು ನೋಡುತ್ತಾರೆ? ಕಣ್ಣು ಬಿಗಿಯಾಗಿ ಮುಚ್ಚಿದ್ದ ರಾಮಚಂದ್ರಪ್ಪನಂತೂ ನೋಡಲಿಲ್ಲ. ಕೆನ್ನೆ ಉರಿಯುತ್ತಿದ್ದರೂ ಬೆಳಗಿನಿಂದ ಮೊದಲ ಬಾರಿಗೆ ಅವನಿಗೆ ಉಸಿರಾಡುವಂತಾಯಿತು.

ಶಿವಮೊಗ್ಗದಲ್ಲಿ ಇಳಿದು ಜಟಕಾ ಹತ್ತಿದಾಗ ಗಾಡಿ ಹೊಡೆಯುವ ಸಾಬಿ ಹಿಂದಿರುಗಿ ನೋಡಿ, “ಅರೆ, ಕ್ಯಾ ಬಾತ್ ಹೈ ದುಲ್ಹೇ ಸಾಬ್!” ಎಂದು ಹಲ್ಲು ಬಿಟ್ಟ. ಬಜಾರಿನಲ್ಲಿ ಹೋಗುವಾಗ ಜನ ನಿಂತು ನಿಂತು ನೋಡಿದರು. ಹೋಟೆಲಿನ ಬಾಗಿಲಲ್ಲಿ ನಿಂತವರು ಒಬ್ಬರನ್ನೊಬ್ಬರು ತಿವಿದು ನಕ್ಕರು. “ಮದುವೆ ಗಂಡು ಅಂದ್ರೆ ಊರಿಗೆಲ್ಲ ಕಣ್ಣು” ಎಂದು ಮಾಸ್ತಮ್ಮ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು. ರಾಮಚಂದ್ರಪ್ಪನಿಗೂ ಸ್ವಲ್ಪ ಧೈರ್ಯ ಬಂದು ಬೆನ್ನು ನೆಟ್ಟಗೆ ಮಾಡಿ ಕೂತ.

ಕೃಷ್ಣಪ್ಪನವರ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಗಣಪಯ್ಯ ಜೋಯಿಸರು ಪಂಚಾಂಗ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಾಂಬೂಲದ ತಟ್ಟೆ ನಡುವೆ ಇತ್ತು. ಒಳಗಿನ ಬಾಗಿಲ ಹಿಂದೆ ಬಳೆಗಳ ಸದ್ದು. ಕಂಬಕ್ಕೆ ಒರಗಿ ಕೂತಿದ್ದ ರಂಗಪ್ಪನವರ ಮುಖ ಮಾತ್ರ ಸುಣ್ಣ ಬಳಿದ ಗೋಡೆಯ ಹಾಗಿತ್ತು.

“ಬನ್ನಿ, ಬನ್ನಿ” ಎಂದು ಎದ್ದ ಕೃಷ್ಣಪ್ಪನವರು ಅರ್ಧಕ್ಕೇ ನಿಂತರು. “ಕೆನ್ನೆ ಮೇಲೆ ಏನದು?”

“ಸುಣ್ಣ-ಬೆಲ್ಲ. ಹಲ್ಲುನೋವು” ಎಂದ ರಾಮಚಂದ್ರಪ್ಪ.

“ಅದು ಗೊತ್ತಾಯ್ತು. ಅದರ ಮೇಲೆ?”

“ಕಾಗದ.”

“ಕಾಗದದ ಮೇಲೆ?”

ಕೃಷ್ಣಪ್ಪನವರು ಹತ್ತಿರ ಬಂದು, ಒಣಗಿ ಕಚ್ಚಿಕೊಂಡಿದ್ದ ಕಾಗದವನ್ನು ಒಂದೇ ಏಟಿಗೆ ಕಿತ್ತರು. ಕಾಗದದ ಜೊತೆಗೆ ಪಟ್ಟೂ ಎದ್ದು ಬಂತು. ಕುದಿಸಿದ ಗೆಣಸಿನ ಹಾಗೆ ಕೆಂಪಾಗಿದ್ದ ಕೆನ್ನೆಯ ನಡುವೆ ಮಚ್ಚೆ ಎಂದಿಗಿಂತ ಕಪ್ಪಗೆ ಎದ್ದು ಕಂಡಿತು. ಕೃಷ್ಣಪ್ಪನವರು ಕಾಗದವನ್ನು ಅವನ ಮುಖದ ಪಕ್ಕಕ್ಕೆ ಹಿಡಿದು ಜೋಯಿಸರ ಕಡೆ ತಿರುಗಿಸಿದರು. ಎರಡು ಮುಖ, ಎರಡು ಮಚ್ಚೆ. ಬಾಗಿಲ ಹಿಂದೆ ಬಳೆಗಳ ಸದ್ದು ನಿಂತಿತು.

“ಇದು ಯಾರು?”

“ವಜ್ರಬಾಹು.”

“ಇದು?” ಎಂದು ಅವನ ಎದೆಗೆ ಬೆರಳು ಚುಚ್ಚಿದರು.

ರಾಮಚಂದ್ರಪ್ಪ ಒಮ್ಮೆ ಬಾಗಿಲನ್ನು ನೋಡಿದ, ಒಮ್ಮೆ ತಟ್ಟೆಯನ್ನು ನೋಡಿದ. ಇನ್ನು ಸುಳ್ಳು ಹೇಳಿದರೆ ಉಳಿದದ್ದೂ ಹೋಗುತ್ತದೆ ಅನ್ನಿಸಿತು. “ನಾನೇ. ಬರೆಯೋನೂ ನಾನೇ. ರೇಖಾಚಾರ್ಯ ಅಂದ್ರೆ ನಾನು.”

“ನೀನಾ?” ಎಂದು ಕಿರುಚಿದ್ದು ಕೃಷ್ಣಪ್ಪನವರಲ್ಲ, ಪುಟ್ಟಯ್ಯ. “ನನ್ನ ಪಕ್ಕದ ಮನೇಲೇ ಇದ್ದುಕೊಂಡು! ಪ್ರತಿ ತಿಂಗಳೂ ‘ಮುಂದೇನಾಗಬಹುದಣ್ಣ’ ಅಂತ ನನ್ನನ್ನೇ ಕೇಳ್ತಿದ್ಯಲ್ಲೋ!”

“ನೀವು ಸುಮ್ನಿರಿ ಸ್ವಲ್ಪ” ಎಂದರು ಕೃಷ್ಣಪ್ಪನವರು. “ಎಡಗಡೆ ನಿಂತಿರೋಳು ಯಾರು?”

“ಯಾರೂ ಅಲ್ಲ. ಬರೀ ಕಲ್ಪನೆ.”

“ಕಲ್ಪನೆಗೆ ಮೂಗುತಿ ಇಟ್ಟು ಎಡಕ್ಕೆ ನಿಲ್ಲಿಸ್ಕೊಂಡಿದ್ದೀಯ. ನಿನ್ನ ಮುಖ ನಿಜ, ನಿನ್ನ ಮಚ್ಚೆ ನಿಜ, ಅವಳು ಮಾತ್ರ ಕಲ್ಪನೆಯೇ? ಎಲ್ಲಿಟ್ಟಿದ್ದೀಯ ಅವಳನ್ನ? ಭದ್ರಾವತೀಲೋ?”

“ದೇವರಾಣೆ ಇಲ್ಲ! ಅಚ್ಚಲ್ಲಿ ತಿರುಗಿದೆ. ನಾನು ಬರೆದಾಗ ಅವಳು ಬಲಗಡೆ ಇದ್ಲು.” ರಾಮಚಂದ್ರಪ್ಪ ಕಲ್ಲು, ಕಾಗದ, ಮಗುಚುವುದು, ಮಗುಚದಿರುವುದು ಎಲ್ಲವನ್ನೂ ಎರಡು ಅಂಗೈಗಳಲ್ಲಿ ತೋರಿಸಿ ತೋರಿಸಿ ವಿವರಿಸಿದ. ಕೃಷ್ಣಪ್ಪನವರ ಹುಬ್ಬು ಒಂದಿಷ್ಟು ಸಡಿಲವಾಯಿತು.

ಆಗ ಜೋಯಿಸರು ಮೂಗಿನ ಮೇಲೆ ಕನ್ನಡಕ ಏರಿಸಿ, “ಬಲಗಡೆ ಅಂದ್ರೂ ತೊಡಕೇ” ಎಂದರು. “ತಾಳಿ ಕಟ್ಟೋವರೆಗೆ ಹೆಣ್ಣನ್ನ ಬಲಕ್ಕೇ ಕೂರಿಸೋದು. ಆಮೇಲೆ ಎಡಕ್ಕೆ. ಅಂದ್ರೆ ನಿನ್ನ ಪ್ರಕಾರ ಮದುವೆ ಆಗಿಲ್ಲ, ನಡೀತಾ ಇದೆ.”

“ನಡೀತಾ ಇಲ್ಲ ಸ್ವಾಮಿ!” ರಾಮಚಂದ್ರಪ್ಪ ಕೂಗಿದ. ಕೈಗೆ ಬಂದದ್ದು ಬಾಯಿಗೆ ಬಾರದೆ ಹೋಗುತ್ತಿದೆ ಎಂಬ ಭಯದಲ್ಲಿ ಅವನಿಗೆ ಮೈಮೇಲೆ ಎಚ್ಚರವೇ ಉಳಿಯಲಿಲ್ಲ. “ಮುಂದಿನ ತಿಂಗಳು ಅವಳು ಜೈಲಿಗೆ! ಚಿತ್ರ ಬರೆದು ಇಟ್ಟಾಗಿದೆ. ಅವಳಿಗೂ ವಜ್ರಬಾಹುಗೂ ಸಂಬಂಧವೇ ಇಲ್ಲ. ಇದೆಲ್ಲ ಆ ಕಾಗದ ಇಟ್ಟೋನ ತಪ್ಪು!”

ಕಂಬದ ಕಡೆಯಿಂದ ರಂಗಪ್ಪನವರು ಕೆಮ್ಮಿದರು.

ಪಾಪ, ಬೈಗುಳ ತಮಗೆ ತಗಲುತ್ತದೆಂದು ಹೆದರುತ್ತಿದ್ದಾರೆ ಎಂದುಕೊಂಡ ರಾಮಚಂದ್ರಪ್ಪ. “ರಂಗಪ್ಪನೋರದ್ದಲ್ಲ ತಪ್ಪು. ಅವರಿಗೆ ಕಣ್ಣು ಮಂಜು. ಅವರ ಹತ್ರ ಕಲ್ಲಿನ ಕೆಲಸಕ್ಕೆ ಯಾರೋ ಸೇರ್ಕೊಂಡಿದ್ದಾರಲ್ಲ, ಅವರದ್ದು.”

ರಂಗಪ್ಪನವರು ಇನ್ನೂ ಜೋರಾಗಿ ಕೆಮ್ಮಿದರು. ತಲೆ ಅಲ್ಲಾಡಿಸಿದರು. ಎಲೆಯಡಿಕೆ ತಟ್ಟೆಗೆ ಕಾಲು ತಗಲಿಸಿ ಅಡಿಕೆಯೆಲ್ಲ ಜಮಖಾನದ ಮೇಲೆ ಉರುಳುವಂತೆ ಮಾಡಿದರು. ಇಷ್ಟು ಬೆಂಬಲ ಸಿಕ್ಕ ಮೇಲೆ ರಾಮಚಂದ್ರಪ್ಪನನ್ನು ಹಿಡಿಯುವವರು ಯಾರು?

“ಎಡ ಬಲ ತಿಳೀದ ಕತ್ತೆ! ಸಗಣಿ ತಟ್ಟೋಕೂ ಲಾಯಕ್ಕಿಲ್ಲದ ಕೈ! ಅದಕ್ಕೆ ಕಲ್ಲು ಕೊಟ್ಟಿದ್ದಾರೆ! ನನ್ನ ಕಣ್ಣ ಮುಂದೆ ಬಂದ್ರೆ ಆ ಕಲ್ಲನ್ನೇ ತಲೆ ಮೇಲೆ ಹೊರಿಸಿ ತುಂಗೆಗೆ ಇಳಿಸ್ತೀನಿ. ಒಬ್ಬ ಮರ್ಯಾದಸ್ಥನ ಬಾಳು ಹಾಳಾಗ್ತಿತ್ತಲ್ಲ, ಆ ಮುಟ್ಠಾಳನಿಂದ!”

ಅಡಿಕೆ ಆರಿಸುತ್ತಿದ್ದ ರಂಗಪ್ಪನವರು ಹಣೆ ಚಚ್ಚಿಕೊಂಡರು. ಆದರೆ ಕೃಷ್ಣಪ್ಪನವರ ಮುಖ ಅರಳಿತು. ಇಷ್ಟು ರೋಷದಿಂದ ತನ್ನ ಶೀಲವನ್ನು ಕಾಪಾಡಿಕೊಳ್ಳುವ ಹುಡುಗನನ್ನು ಅವರು ಕಂಡಿರಲಿಲ್ಲ. “ಸರಿ ಬಿಡಪ್ಪ. ಯಾರೋ ಮುಟ್ಠಾಳ ಮಾಡಿದ್ದಕ್ಕೆ ನಿನ್ನನ್ನ ಬಿಡೋಕಾಗುತ್ತಾ? ಒಂದು ಮಾತು ಕೊಡು. ಆ ಹೆಂಗಸನ್ನ ಜೈಲಿಗೆ ಹಾಕಿದ ಮೇಲೆ ಈ ಪುಸ್ತಕ ಮುಗೀತು. ಇನ್ನು ಬರೆಯೋ ಹಾಗಿಲ್ಲ. ತಾಂಬೂಲ ಮುಟ್ಟಿ ಹೇಳು.”

ರಾಮಚಂದ್ರಪ್ಪ ತಟ್ಟೆಯ ಕಡೆ ಚಾಚಿದ ಕೈಯನ್ನು ಅರ್ಧದಲ್ಲೇ ತಡೆದ. ಎಷ್ಟು ಸಂಜೆ ಆಫೀಸು ಬಿಟ್ಟು ಬಂದು, ಬೆನ್ನು ಬಗ್ಗಿಸಿ, ಆ ಎರಡು ಜೀವಗಳನ್ನು ಗೆರೆಗೆರೆಯಾಗಿ ಸಾಕಿದ್ದ! ಆದರೆ ಬಾಗಿಲ ಹಿಂದೆ ಬಳೆಗಳು ಮತ್ತೆ ಸದ್ದು ಮಾಡಿದವು. ಅವನು ತಟ್ಟೆಯ ಮೇಲೆ ಕೈಯಿಟ್ಟ. “ಆಣೆಗೂ ಬರೆಯಲ್ಲ. ಅವಳು ಜೈಲಿಗೇ.”

“ಶುಭ ಶುಭ” ಎಂದರು ಜೋಯಿಸರು. “ಹುಡುಗೀನ ಕರೀರಿ, ತಾಂಬೂಲ ಬದಲಾಯಿಸೋಣ.”

ಮಾಸ್ತಮ್ಮ ಕಣ್ಣೊರೆಸಿಕೊಂಡಳು. ಪುಟ್ಟಯ್ಯ ಕೂಡ ಸಿಟ್ಟು ನುಂಗಿ ರುಮಾಲು ಸರಿಮಾಡಿಕೊಂಡ. ರಾಮಚಂದ್ರಪ್ಪ ಉರಿಯುವ ಕೆನ್ನೆಯಲ್ಲೇ ಮೆಲ್ಲಗೆ ನಗಲು ನೋಡಿದ.

ವೇದಾವತಿ ಬಂದಳು. ಹಸಿರು ಸೀರೆ, ತುರುಬಿನಲ್ಲಿ ಮಲ್ಲಿಗೆ. ಬಂದವಳು ಕೂರಲಿಲ್ಲ. ತಂದೆಯ ಮುಂದೆ ನಿಂತು ಎರಡೂ ಕೈಗಳನ್ನು ಚಾಚಿದಳು. ಎಷ್ಟು ಉಜ್ಜಿದರೂ ಹೋಗದ ಅಚ್ಚಿನ ಮಸಿ ಉಗುರುಗಳ ಸುತ್ತ ಕಪ್ಪಗೆ ಕೂತಿತ್ತು.

“ಅಪ್ಪಾ, ಆ ಕತ್ತೆ ನಾನೇ.”

ರಂಗಪ್ಪನವರ ಕೆಮ್ಮು ನಿಂತಿತು. ಇನ್ನು ಅದರಿಂದ ಉಪಯೋಗವಿರಲಿಲ್ಲ.

“ಏನಂದೆ?” ಎಂದರು ಕೃಷ್ಣಪ್ಪನವರು.

“ನೀವು ಮಂಡಿಗೆ ಹೋದ ಮೇಲೆ ಕಲ್ಲಿನ ಮೇಲೆ ತೀಡೋದು, ಅಕ್ಷರ ಬರೆಯೋದು ಎಲ್ಲ ನಾನೇ. ಮಾವನ ಕಣ್ಣು ಮಂಜಾದಾಗಿಂದ. ಇದುವರೆಗೆ ಒಂದು ಗೆರೆ ತಪ್ಪಿಸಿಲ್ಲ. ಈ ಸಲ ಬೇಕು ಅಂತಲೇ ಮಗುಚಲಿಲ್ಲ.”

“ಯಾಕೆ?” ಎಂದು ಕೇಳಿದ್ದು ರಾಮಚಂದ್ರಪ್ಪ.

ಅವಳು ಎರಡನೆಯ ಬಾರಿಗೆ ತಲೆಯೆತ್ತಿ ಅವನನ್ನು ನೋಡಿದಳು. “ಪ್ರತಿ ತಿಂಗಳೂ ಅವಳನ್ನ ತಂದು ಬಲಗಡೆ ನಿಲ್ಲಿಸ್ತಿದ್ರಿ. ಬರೆಯೋರಿಗೆ ಧೈರ್ಯ ಸಾಲದು ಅಂತ ನನಗೆ ಪಾಪ ಅನ್ನಿಸ್ತಿತ್ತು. ಆಮೇಲೆ ಮಾವ ಹೇಳಿದ್ರು, ನನ್ನನ್ನ ನೋಡೋಕೆ ಬಂದೋರೇ ಬರೆಯೋರು ಅಂತ. ಒಪ್ಪಿಗೆ ಇದೆ ಅಂತ ನಾನು ಬಾಯಿ ಬಿಟ್ಟು ಹೇಳೋಕಾಗುತ್ತಾ? ಅವಳನ್ನ ಎಡಕ್ಕೆ ನಿಲ್ಲಿಸ್ದೆ. ಬೇರೆಯೋರಿಗೆ ಕತೆ, ನಿಮಗೆ ಮಾತ್ರ ಉತ್ತರ. ನೋಡಿದ ತಕ್ಷಣ ತಿಳೀತಾರೆ, ಎಡ ಬಲ ಬಲ್ಲೋರು ಅಂದ್ಕೊಂಡಿದ್ದೆ.”

ರಾಮಚಂದ್ರಪ್ಪನ ಎದೆಯೊಳಗೆ ಸಂತೋಷವೂ ಸಂಕಟವೂ ಒಟ್ಟಿಗೇ ನುಗ್ಗಿ ಬಾಗಿಲಲ್ಲೇ ಸಿಕ್ಕಿಕೊಂಡವು. ಜಗತ್ತಿನಲ್ಲಿ ಯಾವ ಹೆಣ್ಣೂ ಯಾವ ಗಂಡಿಗೂ ಇಂಥ ಒಪ್ಪಿಗೆ ಕಳಿಸಿರಲಿಕ್ಕಿಲ್ಲ. ಅದನ್ನವನು ಬೆಳಗಿನಿಂದ ಕೆನ್ನೆಯ ಮೇಲೆ ಹೊತ್ತು ತಿರುಗಿದ್ದ.

“ಬಿಡಿಸ್ತೀನಿ!” ಎಂದು ಅವನು ಎದ್ದೇ ನಿಂತ. “ಜೈಲು ಬೇಡ! ಮುಂದಿನ ಸಂಚಿಕೇಲಿ ಮದುವೆ! ಹದಿನಾರು ಪುಟವೂ ಮದುವೆಯೇ!”

“ಏಯ್!” ಕೃಷ್ಣಪ್ಪನವರು ಗುಡುಗಿದರು. “ತಾಂಬೂಲ ಮುಟ್ಟಿ ಆಣೆ ಇಟ್ಟು ಇನ್ನೂ ಕೈ ಒಣಗಿಲ್ಲ!”

“ಆಣೆ ನಡೆಸ್ಕೊಳ್ಳಲಿ ಅಪ್ಪಾ” ಎಂದಳು ವೇದಾವತಿ ಶಾಂತವಾಗಿ. ಅವಳ ಕಣ್ಣಿನಲ್ಲಿ ನೀರು ತುಂಬಿತ್ತು, ದನಿಯಲ್ಲಿ ಇರಲಿಲ್ಲ. “ನಾನು ನಾಚಿಕೆ ಬಿಟ್ಟು ಇಟ್ಟ ಕಾಗದಕ್ಕೆ ಸಗಣಿ ತಟ್ಟೋ ಕೈ ಅಂದ್ರು. ಇಷ್ಟು ತಿಂಗಳು ಜೊತೆಗಿದ್ದೋಳನ್ನ ನಾಲ್ಕು ಜನ ಕೇಳಿದ್ದಕ್ಕೆ ಸಂಬಂಧವೇ ಇಲ್ಲ ಅಂದ್ಬಿಟ್ರು. ನಾಳೆ ನನ್ನನ್ನೂ ಹಾಗೇ ಅಂತಾರೆ. ಇವರ ಎಡಗಡೆ ನಾನು ನಿಲ್ಲಲ್ಲ.”

ಬಾಗಿ ತಾಂಬೂಲದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಕೃಷ್ಣಪ್ಪನವರು ತಲೆಯ ಮೇಲೆ ಕೈಯಿಟ್ಟು ಕೂತು, “ನನಗೆ ಮಾತ್ರ ಹುಡುಗ ಬಹಳ ಹಿಡಿಸಿದ್ದ” ಎಂದು ಜೋಯಿಸರಿಗೆ ಹೇಳಿದರು.

ಜಟಕಾ ಹತ್ತುವಾಗ ರಂಗಪ್ಪನವರು ಬಂದು ಚಕ್ರ ಹಿಡಿದುಕೊಂಡರು. “ಕೆಮ್ಮಿ ಕೆಮ್ಮಿ ಗಂಟಲು ಹರಿದುಹೋಯ್ತಲ್ಲ ಮಾರಾಯ, ಒಂದು ಸಲ ನನ್ನ ಕಡೆ ನೋಡಬಾರದಿತ್ತಾ?” ಎಂದರು. ಆಮೇಲೆ ದನಿ ತಗ್ಗಿಸಿ, “ಸಂಚಿಕೆ ಊರಲ್ಲಿ ಒಂದೂ ಉಳಿದಿಲ್ಲ. ಇಂಥ ವ್ಯಾಪಾರ ಯಾವತ್ತೂ ಆಗಿರ್ಲಿಲ್ಲ. ಆದ್ರೇನು, ನೀನು ಬರೆಯೋ ಹಾಗಿಲ್ಲ, ಬರೆದ್ರೂ ಇನ್ನು ಅವಳು ಕಲ್ಲು ಮುಟ್ಟಲ್ಲ” ಎಂದರು.

ಭದ್ರಾವತಿಯ ರೈಲಿನಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಕೂತರು. ಮಾಸ್ತಮ್ಮ ಬೀಗರಿಗೆ ಕೊಡದೆ ಉಳಿದ ಬೆಲ್ಲದ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಆಗಾಗ ನಿಟ್ಟುಸಿರು ಬಿಟ್ಟಳು. ರಾಮಚಂದ್ರಪ್ಪನಿಗೆ ಈಗ ನಿಜವಾಗಿಯೂ ಹಲ್ಲು ನೋಯುತ್ತಿತ್ತು, ಆದರೆ ಹೇಳಿಕೊಳ್ಳುವ ಧೈರ್ಯ ಉಳಿದಿರಲಿಲ್ಲ. ಪುಟ್ಟಯ್ಯ ಬಹಳ ಹೊತ್ತು ಏನನ್ನೋ ತಡೆದುಕೊಂಡಿದ್ದವನು ಕೊನೆಗೆ ತಡೆಯಲಾರದೆ ಹತ್ತಿರ ಸರಿದ.

“ನಿನಗೆ ಬೇಜಾರಾಗಿದೆ, ಕೇಳಬಾರದು. ಆದ್ರೂ ಕೇಳ್ತೀನಿ. ಅವಳನ್ನ ಜೈಲಿಗೆ ಹಾಕಿ ಬರೆದಿಟ್ಟಿದ್ದೀನಿ ಅಂದ್ಯಲ್ಲ, ಎಷ್ಟು ವರ್ಷ ಮಾರಾಯ?”

“ಅವಳಿಗೆ ಆರು ತಿಂಗಳು ಅಣ್ಣ” ಎಂದ ರಾಮಚಂದ್ರಪ್ಪ ಕಿಟಕಿಯ ಕಡೆ ತಿರುಗಿ. “ಜೀವಾವಧಿ ಆಗಿರೋದು ನನಗೆ.”